ಬಾಗಿದ ಬಯಲಿನ ಜ್ಯಾಮಿತಿ

ತ್ರಿಕೋನದ ಮೂರು ಕೋನಗಳ ಮೊತ್ತವು ಎರಡು ಲಂಬಕೋನಗಳಿಗೆ ಸಮ ಎಂಬ ಪ್ರಮೇಯವನ್ನು ನಮ್ಮ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಕಲಿತಿದ್ದಾರೆ. ಕಲಿತುದರಲ್ಲಿ ಬಹುಭಾಗವನ್ನು ಮರೆತವರೂ ಇದೊಂದನ್ನು ಮರೆತಿರಲಾರರು. ಹಲಗೆಯ ಮೇಲೆ, ಕಾಗದದ ಮೇಲೆ ಇದು ಸರ್ವಥಾ ಸತ್ಯ. ಆದರೆ ಕಿತ್ತೂರು, ಬೈಲಹೊಂಗಲ, ಸವದತ್ತಿ ಈ ಮೂರು ಊರುಗಳನ್ನು ಮೂರು ಶೃಂಗಗಳೆಂದು ಭಾವಿಸಿರಿ. ಗುಡ್ಡ-ತಗ್ಗುಗಳನ್ನು ಬಿಟ್ಟು, ನೆಲವೆಲ್ಲ ನಿಂತ ನೀರಿನಂತೆ ನುಣುಪಾಗಿದೆಯೆಂದೇ ಇಟ್ಟುಕೊಂಡು, ಅತ್ಯಂತ ಹತ್ತಿರದ ದಾರಿಗಳಿಂದ ಅವುಗಳನ್ನು ಕೂಡಿಸಿರಿ. ಆಗ ಮೂರು ಕೋನಗಳನ್ನೂ ಪರಮಸೂಕ್ಷ್ಮವಾಗಿ ಅಳೆದರೆ ಮೊತ್ತವು 180 ಅಂಶಕ್ಕೆ ಸರಿಯಾಗಿ ನಿಲ್ಲುವುದಿಲ್ಲ. ಸುಮಾರು ಒಂದು ಮುಕ್ಕಾಲು ವಿಕಲೆಯಷ್ಟು ಹೆಚ್ಚಾಗುತ್ತದೆ. ಅಂಶದ ಅರವತ್ತನೆಯ ಭಾಗ ಕಲೆ, ಕಲೆಯ ಅರವತ್ತನೆಯ ಭಾಗ ವಿಕಲೆ. ಒಂದು ಕಿಲೋಮೀಟರು ದೂರದಲ್ಲಿ ಎರಡು ಜೋಳದ ಕಾಳುಗಳನ್ನು ಒತ್ತೊತ್ತಾಗಿ ಇಟ್ಟರೆ ಅವು ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಎಷ್ಟೋ ಅಷ್ಟೇ ಈ ಹೆಚ್ಚಳ. ಇಷ್ಟು ಅಲ್ಪವಾದುದನ್ನು ಹಿಡಿದುಕೊಂಡು ಮನುಷ್ಯನು ತಾನು ನಿಂತ ನೆಲದ ಆಕಾರವನ್ನೂ, ಮುಂದೆ ವಿಶ್ವದ ಆಕಾರವನ್ನೂ ವಿಚಾರಿಸಿದ ಶಾಸ್ತ್ರವೊಂದುಂಟು. ಅದನ್ನು ಇಂಗ್ಲಿಷಿನಲ್ಲಿ ಡಿಫರೆನ್ಷಿಯಲ್ ಜಾಮೆಟ್ರಿ ಎನ್ನುತ್ತಾರೆ. ಕನ್ನಡದಲ್ಲಿ ಅವಕಲ ಜ್ಯಾಮಿತಿ ಎನ್ನಬಹುದು. ನುಣುಪಾಗಿ ಬಾಗಿರುವ ಆಕಾಶಗಳ ಜ್ಯಾಮಿತಿಯೆಂಬುದೇ ಅದರ ತಾತ್ಪರ್ಯ.

ಕನ್ನಡ ಪಂಡಿತನಾದವನಿಗೆ ಈ ಗೊಡವೆ ಏಕೆ ಎಂದು ವಾಚಕರು ಕೇಳುವುದು ಸಹಜ. ನಮ್ಮ ಶಾಲೆಯಲ್ಲಿ ಓದಿ, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೋ, 2010ರಲ್ಲಿ ಸ್ಥಾಪಿತವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿಯೋ ಗಣಿತದಲ್ಲಿ ಎಂ.ಎಸ್ಸಿ. ಮಾಡಲು ಹೋದ ಮಕ್ಕಳು ರಜೆಯಲ್ಲಿ ಬಂದಾಗ ನನ್ನನ್ನು ಕಾಣುವುದುಂಟು. ಅವರಿಗೆ ನನ್ನಿಂದ ಬೇಕಾದುದು ಗಣಿತವಲ್ಲ, ಶಬ್ದ. “ಗುರುಗಳೇ, ಈ ಮಾತಿಗೆ ಕನ್ನಡದಾಗ ಏನಂತಾರ್ರೀ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ ಮಾತು ‘ಮ್ಯಾನಿಫೋಲ್ಡ್’. ಅದಕ್ಕೆ ಶಬ್ದ ಕೊಡಬೇಕಾದರೆ ಅರ್ಥ ತಿಳಿಯಬೇಕು. ಅರ್ಥ ತಿಳಿಯಬೇಕಾದರೆ ಅವರೇ ನನಗೆ ಪಾಠ ಹೇಳಬೇಕು. ಹೀಗೆ ಶಿಷ್ಯರಿಂದ ನಾನು ಕಲಿತುದು ಈ ಲೇಖನ. ಕಲಿಯುತ್ತ ಒಂದು ಸಂಗತಿ ನನಗೆ ನಿಶ್ಚಯವಾಯಿತು. ನಮ್ಮ ನಾಲ್ಕು ತಾಲೂಕುಗಳ ಮಕ್ಕಳು ಈ ವಿಷಯದಲ್ಲಿ ಎಡವುವುದು ಬುದ್ಧಿಯ ಕೊರತೆಯಿಂದಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಯೋಚಿಸಿದವರ ಮುಂದೆ ಒಂದೇ ತಿಂಗಳಲ್ಲಿ ನಲವತ್ತು ಇಂಗ್ಲಿಷ್ ಪಾರಿಭಾಷಿಕಗಳು ಬಂದು ನಿಲ್ಲುತ್ತವೆ. ಅವುಗಳ ಹಿಂದಿನ ವಸ್ತುವನ್ನು ಕಾಣುವುದಕ್ಕೆ ವ್ಯವಧಾನವಿಲ್ಲದೆ ಮಕ್ಕಳು ಕಂಠಪಾಠಕ್ಕೆ ಶರಣಾಗುತ್ತಾರೆ. ಕಂಠಪಾಠವು ಪರೀಕ್ಷೆಯನ್ನು ದಾಟಿಸೀತು, ಸಂಶೋಧನೆಯ ಹೊಸ್ತಿಲನ್ನು ದಾಟಿಸಲಾರದು. ವಸ್ತುವಾದರೋ ನಮ್ಮ ಸುತ್ತಲೇ ಬಿದ್ದಿದೆ.

ಮೊದಲು ಒಂದು ಭೇದವನ್ನು ಮನಗಾಣಬೇಕು. ಆಕಾರವನ್ನು ಹೊರಗಿನಿಂದ ನೋಡಿ ತಿಳಿಯುವುದು ಒಂದು ಬಗೆ. ಒಳಗೇ ಇದ್ದು ಅಳೆದು ತಿಳಿಯುವುದು ಇನ್ನೊಂದು ಬಗೆ.

ಮೊದಲನೆಯ ಬಗೆಗೆ ಕಿತ್ತೂರೇ ದೃಷ್ಟಾಂತ. ಅಲ್ಲಿಯ ಅರಮನೆಯ ಅವಶೇಷದ ಗೋಡೆಯೊಂದರಲ್ಲಿ ಧ್ರುವನಕ್ಷತ್ರವನ್ನು ನೋಡುವುದಕ್ಕಾಗಿ ಮಾಡಿದ್ದೆಂದು ಹೇಳುವ ರಂಧ್ರವನ್ನು ಊರವರು ಇಂದಿಗೂ ತೋರಿಸುತ್ತಾರೆ. ಆಕಾಶದ ಉತ್ತರ ಧ್ರುವಬಿಂದುವು ದಿಗಂತದಿಂದ ಎಷ್ಟು ಅಂಶ ಮೇಲಿರುತ್ತದೆಯೋ ಅದೇ ಆ ಊರಿನ ಅಕ್ಷಾಂಶ. ಕಿತ್ತೂರಿನಲ್ಲಿ ಅದು ಸುಮಾರು ಹದಿನೈದೂವರೆ ಅಂಶಕ್ಕೆ ತುಸು ಮೇಲು. ರಾಮದುರ್ಗದಲ್ಲಿ ಹೆಚ್ಚುಕಡಿಮೆ ಹದಿನಾರು. ಕಿತ್ತೂರಿನಿಂದ ರಾಮದುರ್ಗಕ್ಕೆ ಹೋದವನಿಗೆ ಧ್ರುವಬಿಂದುವು ಸುಮಾರು 20 ಕಲೆಗಳಷ್ಟು ಮೇಲೇರಿರುತ್ತದೆ. (ನಾವು ಕಾಣುವ ಧ್ರುವನಕ್ಷತ್ರವು ನಿಜವಾದ ಧ್ರುವಬಿಂದುವಿನಿಂದ ಸುಮಾರು ಮೂರನೆಯ ಎರಡು ಅಂಶದಷ್ಟು ಸರಿದಿರುವುದರಿಂದ ಅದೂ ಸಣ್ಣ ವೃತ್ತವೊಂದನ್ನು ಸುತ್ತುತ್ತದೆ, ಅಚಲವೆಂಬ ಅದರ ಕೀರ್ತಿ ಕವಿಸಮಯಕ್ಕೆ ಸಾಕು, ಲೆಕ್ಕಕ್ಕೆ ಸಾಲದು.) ನೆಲವು ಚಪ್ಪಟೆಯಾಗಿದ್ದರೆ ಅಷ್ಟು ದೂರದ ನಕ್ಷತ್ರದ ಎತ್ತರವು ಊರಿಂದೂರಿಗೆ ಬೇರೆಯಾಗಬೇಕಾದ ಕಾರಣವಿಲ್ಲ. ಬೇರೆಯಾಗುತ್ತದೆ, ಆದುದರಿಂದ ನೆಲ ಬಾಗಿದೆ. ಇಲ್ಲಿ ನಾವು ನೆಲವನ್ನು ಬಿಟ್ಟು ಆಕಾಶವನ್ನು ಸಾಕ್ಷಿಗೆ ಕರೆದೆವು.

ಆಕಾಶವೇ ಕಾಣದ ಜೀವಿಯೊಂದು ಏನು ಮಾಡಬೇಕು? ಹಿತ್ತಾಳೆಯ ಕೊಡದ ಮೇಲೆ ಹರಿದಾಡುವ ಇರುವೆಯನ್ನು ಊಹಿಸಿಕೊಳ್ಳಿರಿ. ಮೇಲೆ ನೋಡುವ ಕಣ್ಣು ಅದಕ್ಕಿಲ್ಲ. ಇರುವುದು ಒಂದು ನೂಲಿನ ಎಳೆ ಮಾತ್ರ. ಆ ಎಳೆಯನ್ನು ಎರಡು ಬಿಂದುಗಳ ನಡುವೆ ಬಿಗಿಯಾಗಿ ಎಳೆದರೆ ಕೊಡದ ಮೈಮೇಲಿನ ಅತಿ ಹತ್ತಿರದ ದಾರಿ ದೊರೆಯುತ್ತದೆ. ಇಂಥ ದಾರಿಯೇ ಜಿಯೋಡೆಸಿಕ್. ಬಾಗಿದ ನೆಲದ ‘ನೇರ ಗೆರೆ’ ಅದು. ಮೂರು ಎಳೆಗಳಿಂದ ತ್ರಿಕೋನ ಮಾಡಿ ಕೋನಗಳನ್ನು ಅಳೆದರೆ ಇರುವೆಗೆ ತಾನಿರುವ ಲೋಕದ ಗುಟ್ಟು ತಿಳಿಯುತ್ತದೆ. ಕೊಡದ ಹೊಟ್ಟೆಯ ಮೇಲೆ ಮೊತ್ತವು 180 ಅಂಶಕ್ಕಿಂತ ಹೆಚ್ಚು. ಕೊಡದ ಕೊರಳು ಭುಜವನ್ನು ಸೇರುವಲ್ಲಿ, ಮೈಯು ಅಡ್ಡಲಾಗಿ ಒಂದು ಕಡೆಗೂ ಉದ್ದಕ್ಕೆ ಮತ್ತೊಂದು ಕಡೆಗೂ ಬಾಗಿರುತ್ತದೆ, ಕುದುರೆಯ ಬೆನ್ನಿನ ಜೀನಿನಂತೆ. ಅಲ್ಲಿ ಮೊತ್ತವು 180ಕ್ಕಿಂತ ಕಡಿಮೆ. ನಾವು ದಿನವೂ ಎತ್ತಿಡುವ ಒಂದೇ ಕೊಡದಲ್ಲಿ ಎರಡು ಜ್ಯಾಮಿತಿಗಳಿವೆ.

ಇದನ್ನು ಶಾಸ್ತ್ರವಾಗಿ ಕಟ್ಟಿದವನು ಜರ್ಮನಿಯ ಗೌಸ್. ಅವನು ಹಾನೋವರ್ ಸೀಮೆಯ ಭೂಮಾಪನವನ್ನು ತಾನೇ ಬೆಟ್ಟ ಹತ್ತಿ ನಡೆಸಿದವನು. ಅವನ ಅತಿ ದೊಡ್ಡ ತ್ರಿಕೋನದ ಭುಜಗಳು ಸುಮಾರು 69, 85 ಮತ್ತು 107 ಕಿಲೋಮೀಟರುಗಳು. 1827ರಲ್ಲಿ ಬಾಗಿದ ತಲಗಳ ಕುರಿತು ಅವನು ಮಂಡಿಸಿದ ಪ್ರಮೇಯಕ್ಕೆ ‘ಅತಿವಿಶಿಷ್ಟ’ ಎಂಬರ್ಥದ ಲ್ಯಾಟಿನ್ ಹೆಸರನ್ನು ತಾನೇ ಇಟ್ಟನು. ಸಾಮಾನ್ಯವಾಗಿ ಗೌಸನು ತನ್ನ ಕೆಲಸವನ್ನು ಹೊಗಳಿಕೊಳ್ಳುವವನಲ್ಲ. ಇಲ್ಲಿ ಮಾತ್ರ ಹೊಗಳಿಕೊಂಡುದಕ್ಕೆ ಕಾರಣವಿದೆ.

ಒಂದು ಬಿಂದುವಿನಲ್ಲಿ ತಲವು ಬೇರೆ ಬೇರೆ ದಿಕ್ಕುಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬಾಗಿರುತ್ತದೆ. ಅವುಗಳಲ್ಲಿ ಅತ್ಯಧಿಕವಾದುದನ್ನೂ ಅತ್ಯಲ್ಪವಾದುದನ್ನೂ ತೆಗೆದುಕೊಂಡು ಗುಣಿಸಿದರೆ ಬರುವ ಲಬ್ಧವೇ ಗೌಸನ ವಕ್ರತೆ. ಎರಡು ಬಾಗುಗಳೂ ಒಂದೇ ಕಡೆಗಿದ್ದರೆ ಗುಣಲಬ್ಧ ಧನ, ಎದುರುಬದುರಾಗಿದ್ದರೆ ಋಣ, ಒಂದು ಬಾಗು ಇಲ್ಲವೇ ಇಲ್ಲವಾದರೆ ಸೊನ್ನೆ. ಬಾಗುಗಳನ್ನು ಒಂದೊಂದಾಗಿ ತಿಳಿಯಬೇಕಾದರೆ ಹೊರಗೆ ನಿಂತು ನೋಡಬೇಕು. ಆದರೆ ಅವುಗಳ ಗುಣಲಬ್ಧವನ್ನು ಮಾತ್ರ ಒಳಗಿರುವ ಇರುವೆಯೇ ತನ್ನ ನೂಲೆಳೆಯಿಂದ ಅಳೆದು ತಿಳಿಯಬಲ್ಲದು! ಇದೇ ಆ ವಿಶಿಷ್ಟ ಪ್ರಮೇಯ. ರಾಮದುರ್ಗದ ನೇಕಾರರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ನೆಯ್ದ ಬಟ್ಟೆಯನ್ನು ಮಗ್ಗದ ದಿಂಡಿಗೆ ಒಂದೂ ಸುಕ್ಕಿಲ್ಲದೆ ಸುತ್ತುತ್ತಾರೆ. ಅದೇ ಬಟ್ಟೆಯನ್ನು ಕೊಡಕ್ಕೆ ಸುತ್ತಲು ಹೋದರೆ ಸುಕ್ಕು ಬೀಳದೆ ಇರದು. ದಿಂಡು ಕಣ್ಣಿಗೆ ಬಾಗಿದಂತೆ ಕಂಡರೂ ಅದರ ವಕ್ರತೆ ಸೊನ್ನೆ, ಏಕೆಂದರೆ ಉದ್ದಕ್ಕೆ ಅದು ಬಾಗಿಲ್ಲ, ಬಟ್ಟೆಯ ವಕ್ರತೆಯೂ ಸೊನ್ನೆ, ಎರಡಕ್ಕೂ ಒಪ್ಪಿತವಾಯಿತು. ಕೊಡದ ವಕ್ರತೆ ಸೊನ್ನೆಯಲ್ಲ. ಭೂಮಿಯ ನಕಾಶೆಯನ್ನು ಕಾಗದದ ಮೇಲೆ ಎಲ್ಲ ದೂರಗಳೂ ಸರಿಯಾಗಿ ಬರುವಂತೆ ಬರೆಯುವುದು ಯಾವ ಚತುರನಿಗೂ ಸಾಧ್ಯವಿಲ್ಲವೆಂಬುದು ಇದರಿಂದಲೇ ಸಿದ್ಧವಾಗುತ್ತದೆ.

‘ವಕ್ರತೆ’ ಎಂಬ ಶಬ್ದವನ್ನು ಕುರಿತು ಒಂದು ಮಾತು. ಪಂಡಿತರ ಚಾಪಲ್ಯವೆಂದು ಓದುಗರು ಮನ್ನಿಸಬೇಕು. ಅಲಂಕಾರಶಾಸ್ತ್ರದಲ್ಲಿ ಕುಂತಕನು ವಕ್ರೋಕ್ತಿಯೇ ಕಾವ್ಯದ ಜೀವಿತವೆಂದನು. ಲೋಕವ್ಯವಹಾರದ ಸಪಾಟಾದ ಮಾತಿಗಿಂತ ಕವಿಯ ಮಾತು ಎಷ್ಟು, ಹೇಗೆ ಬಾಗಿದೆ ಎಂಬುದನ್ನು ವರ್ಣದಿಂದ ಹಿಡಿದು ಪ್ರಬಂಧದವರೆಗೆ ಸ್ಥಾನಸ್ಥಾನದಲ್ಲಿ ನಿಂತು ಪರೀಕ್ಷಿಸಿದನು. ಗಣಿತದ ವಕ್ರತೆಯೂ ಹೀಗೆಯೇ ಸ್ಥಾನಸ್ಥಾನದಲ್ಲಿ ಪರೀಕ್ಷಿಸಬೇಕಾದ ಗುಣ. ‘ಕೊಂಕು’ ಎಂದರೆ ದೋಷದ ವಾಸನೆ ಬರುತ್ತದೆ, ‘ಬಾಗು’ ಎಂದರೆ ಬಿಲ್ಲು ನೆನಪಾಗುತ್ತದೆ. ‘ವಕ್ರತೆ’ಯೇ ಇರಲಿ ಎಂದು ನಾನು ಆ ಮಕ್ಕಳಿಗೆ ಹೇಳಿದೆನು.

ಪ್ರಕೃತಕ್ಕೆ ಬರೋಣ. ಗೌಸನ ಗ್ರಂಥಕ್ಕಿಂತ ಕಾಲು ಶತಮಾನ ಮೊದಲೇ ನಮ್ಮ ಕನ್ನಡನಾಡಿನ ನೆಲದ ಮೇಲೆ ಇಂಥ ಅಳತೆ ಪ್ರಾರಂಭವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಪರ್ಯಾಯದ್ವೀಪದ ತ್ರಿಕೋನಮಾಪನದ ಯೋಜನೆಯನ್ನು ಮುಂದಿಟ್ಟನು. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ನೇರ ಗೆರೆಯೊಂದನ್ನು ಸರಪಳಿಯಿಂದ ಅಳೆದು, ಅದನ್ನೇ ಆಧಾರರೇಖೆಯಾಗಿ ಮಾಡಿಕೊಂಡನು. 1802ರಲ್ಲಿ ಮದರಾಸಿನ ಬಳಿ ಮತ್ತೊಂದನ್ನು ಅಳೆಸಿ, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಮಂಗಳೂರಿನ ಕಡಲತೀರವನ್ನು ಮುಟ್ಟಿದನು. ಹಳೆಯ ನಕಾಶೆಗಳು ತೋರಿಸಿದ್ದಕ್ಕಿಂತ ಪರ್ಯಾಯದ್ವೀಪದ ಅಗಲವು ಸುಮಾರು 40 ಮೈಲಿ ಕಡಿಮೆಯೆಂದು ಗೊತ್ತಾಯಿತು. ಇದೇ ಮುಂದೆ ಭಾರತದ ಮಹಾತ್ರಿಕೋನಮಾಪನವೆಂದು ಹೆಸರಾಯಿತು.

ಇಷ್ಟು ದೊಡ್ಡ ತ್ರಿಕೋನಗಳಲ್ಲಿ ಕೋನಗಳ ಮೊತ್ತ 180 ಎಂದು ಲೆಕ್ಕ ಹಾಕಿದರೆ ಊರುಗಳು ಸ್ಥಾನ ತಪ್ಪುತ್ತವೆ. ಭೂಮಿಯ ಗಾತ್ರದ ಗೋಳದ ಮೇಲೆ ಪ್ರತಿ 197 ಚದರ ಕಿಲೋಮೀಟರಿಗೆ ಒಂದು ವಿಕಲೆಯಂತೆ ಹೆಚ್ಚಳ ಬರುತ್ತದೆ. ಕಿತ್ತೂರು-ಬೈಲಹೊಂಗಲ-ಸವದತ್ತಿ ತ್ರಿಕೋನದ ಕ್ಷೇತ್ರಫಲ ಸುಮಾರು 340 ಚದರ ಕಿಲೋಮೀಟರು. ಭಾಗಿಸಿ ನೋಡಿದರೆ ಆರಂಭದಲ್ಲಿ ಹೇಳಿದ ಒಂದು ಮುಕ್ಕಾಲು ವಿಕಲೆ ಸಿಕ್ಕುತ್ತದೆ. ಚಿಕ್ಕ ಗೋಳೀಯ ತ್ರಿಕೋನಗಳಲ್ಲಿ ಪ್ರತಿ ಕೋನದಿಂದಲೂ ಹೆಚ್ಚಳದ ಮೂರನೆಯ ಒಂದು ಪಾಲನ್ನು ಕಳೆದರೆ ಚಪ್ಪಟೆ ತ್ರಿಕೋನದ ಸೂತ್ರಗಳನ್ನೇ ಬಳಸಬಹುದೆಂದು ಫ್ರಾನ್ಸಿನ ಲಜಾಂಡ್ರ್ 1787ರಲ್ಲಿ ತೋರಿಸಿದ್ದನು. ಕಾಡುಮೇಡು, ಜ್ವರ, ಮಳೆಗಳ ನಡುವೆ ಅಳೆದ ಕೋನಗಳಿಂದ ಕೂದಲೆಳೆಯಷ್ಟು ಪಾಲನ್ನು ಕಳೆಯುತ್ತ ಕುಳಿತ ಆ ಲೆಕ್ಕಿಗರ ತಾಳ್ಮೆಯು ಬಹಳ ದೊಡ್ಡದು. ಕಂಬ ಹೊತ್ತು ಬೆಟ್ಟ ಹತ್ತಿದ ನಮ್ಮವರ ಹೆಸರುಗಳು ಬಹುಮಟ್ಟಿಗೆ ಇತಿಹಾಸದಲ್ಲಿ ಉಳಿಯಲಿಲ್ಲವೆಂಬುದು ಬೇರೆ ಮಾತು.

ಇಲ್ಲಿಯವರೆಗಿನದು ಎಂ.ಎಸ್ಸಿ.ಯಲ್ಲಿ ಮೊದಲು ಬರುವ ಪಾಠ: ವಕ್ರರೇಖೆಗಳು ಮತ್ತು ತಲಗಳು. ಇದನ್ನು ಮಕ್ಕಳು ಹೇಗೋ ದಾಟುತ್ತಾರೆ, ಏಕೆಂದರೆ ಚಿತ್ರ ಬರೆಯಬಹುದು. ಎಡವುವುದು ಇದರ ಮುಂದಿನ ಮೆಟ್ಟಿಲಿನಲ್ಲಿ. ಕೊಡಕ್ಕೆ ಹೊರಗು ಉಂಟು, ಕೊಡವು ಅಡುಗೆಮನೆಯಲ್ಲಿದೆ. ಆದರೆ ಹೊರಗೇ ಇಲ್ಲದ ಬಾಗಿದ ಆಕಾಶವಿರಬಹುದೆ? ಅದರಲ್ಲಿ ಎರಡಕ್ಕೆ ಬದಲು ಮೂರು, ನಾಲ್ಕು, ಎಷ್ಟಾದರೂ ದಿಕ್ಕುಗಳಿರಬಹುದೆ? ಈ ಪ್ರಶ್ನೆಯನ್ನು ಕೇಳಿ ಉತ್ತರ ಕೊಟ್ಟವನು ಗೌಸನ ಶಿಷ್ಯನಾದ ರೀಮಾನ್. 1854ರ ಜೂನ್ 10ರಂದು ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಅವನು ಉಪನ್ಯಾಸ ಮಾಡಿದನು. ಅಧ್ಯಾಪನದ ಅರ್ಹತೆಗಾಗಿ ಅವನು ಸೂಚಿಸಿದ ಮೂರು ವಿಷಯಗಳಲ್ಲಿ ಮೂರನೆಯದನ್ನು ಆರಿಸಿದವನು ವೃದ್ಧ ಗೌಸನೇ. ಅದು ಅಚ್ಚಾದುದು ರೀಮಾನನು ತೀರಿಕೊಂಡ ಎರಡು ವರ್ಷಗಳ ಮೇಲೆ, 1868ರಲ್ಲಿ.

ರೀಮಾನನ ಉಪಾಯವನ್ನು ನಮ್ಮ ಶಾಸನಗಳಿಂದ ಸುಲಭವಾಗಿ ತಿಳಿಯಬಹುದು. ಸವದತ್ತಿಯೆಂದರೆ ಶಾಸನಗಳ ಸುಗಂಧವರ್ತಿ, ರಟ್ಟರ ರಾಜಧಾನಿ. ಅಂದಿನ ದಾನಶಾಸನಗಳು ಭೂಮಿಯನ್ನು ಮತ್ತರುಗಳಲ್ಲಿ ಹೇಳುತ್ತವೆ. ಆದರೆ ಮತ್ತರು ಎಲ್ಲ ಊರುಗಳಲ್ಲಿಯೂ ಒಂದೇ ಅಲ್ಲ. ಅಳೆಯುವ ಗಳೆ ಸೀಮೆಯಿಂದ ಸೀಮೆಗೆ ಬೇರೆ. ಆದುದರಿಂದಲೇ ನಮ್ಮ ನಾಡಿನ ಶಾಸನಗಳಲ್ಲಿ ಇಂಥ ಗಳೆಯಲ್ಲಿ ಇಷ್ಟು ಮತ್ತರು ಎಂದು ಗಳೆಯ ಹೆಸರನ್ನೂ ಕೆತ್ತುವ ರೂಢಿ. ರೀಮಾನನೂ ಇದನ್ನೇ ಹೇಳಿದನು: ಆಕಾಶದ ಪ್ರತಿಯೊಂದು ಬಿಂದುವಿನಲ್ಲಿಯೂ, ಪ್ರತಿಯೊಂದು ದಿಕ್ಕಿಗೂ ಅಲ್ಲಿಯ ಗಳೆ ಯಾವುದೆಂಬುದನ್ನು ತಿಳಿಸಿರಿ. ಆ ಗಳೆಯು ಬಿಂದುವಿನಿಂದ ಬಿಂದುವಿಗೆ ಹಠಾತ್ತಾಗಿ ಹಾರದೆ ನಯವಾಗಿ ಬದಲಾಗಲಿ. ಇಷ್ಟು ಗೊತ್ತಾದರೆ ಸಾಕು. ದೂರ, ಕೋನ, ಕ್ಷೇತ್ರಫಲ, ಜಿಯೋಡೆಸಿಕ್, ವಕ್ರತೆ ಎಲ್ಲವೂ ಅದರಿಂದಲೇ ಹೊರಡುತ್ತವೆ. ಹೊರಗೆ ನಿಂತು ನೋಡುವವನೇ ಬೇಕಾಗಿಲ್ಲ. ಪಠ್ಯಗಳಲ್ಲಿ ಮೆಟ್ರಿಕ್ ಎಂದು ಬರುವುದು ಈ ಗಳೆಯೇ. ಆ ವಿದ್ಯಾರ್ಥಿನಿಗೆ ಇದನ್ನು ಹೇಳಿದಾಗ ಅವಳು ತನ್ನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ‘ಗಳೆ’ ಎಂದು ಬರೆದುಕೊಂಡಳು.

ಇನ್ನು ಮ್ಯಾನಿಫೋಲ್ಡ್. ಎರೆಭೂಮಿಯ ಹೊಲದಲ್ಲಿ ನಿಂತ ಒಕ್ಕಲಿಗನಿಗೆ ನೆಲವು ಚಪ್ಪಟೆ. ಅವನು ಕಂಡದ್ದು ಸುಳ್ಳಲ್ಲ, ಅಲ್ಪಭಾಗ. ಭಾಸ್ಕರಾಚಾರ್ಯನು 1150ರ ಸುಮಾರಿನಲ್ಲಿ ರಚಿಸಿದ ಗೋಲಾಧ್ಯಾಯದಲ್ಲಿ ಇದನ್ನು ಸ್ಫುಟವಾಗಿ ಹೇಳಿದ್ದಾನೆ: ಪರಿಧಿಯ ನೂರನೆಯ ಭಾಗವು ಸಮವಾಗಿಯೇ ತೋರುತ್ತದೆ, ಭೂಮಿ ಅತಿ ದೊಡ್ಡದು, ಮನುಷ್ಯನು ಅತಿ ಚಿಕ್ಕವನು, ಆದುದರಿಂದ ಅವನಿಗೆ ಕಾಣುವ ನೆಲ ಚಪ್ಪಟೆ. ಮ್ಯಾನಿಫೋಲ್ಡಿನ ಲಕ್ಷಣದ ಅರ್ಧವು ಇದೇ: ಪ್ರತಿಯೊಂದು ಬಿಂದುವಿನ ನೆರೆಯಲ್ಲಿ ಚಪ್ಪಟೆಯ ನಕಾಶೆಯೊಂದನ್ನು ಬರೆಯಲು ಬರಬೇಕು. ಉಳಿದರ್ಧವು ನಕಾಶೆಗಳ ಪರಸ್ಪರ ಹೊಂದಿಕೆ. ಬೈಲಹೊಂಗಲ ತಾಲೂಕಿನ ನಕಾಶೆಯ ಅಂಚಿನ ಹಳ್ಳಿಯು ಸವದತ್ತಿಯ ನಕಾಶೆಯ ಅಂಚಿನಲ್ಲಿಯೂ ಬರುತ್ತದೆ. ಅದೇ ಬಾಂದುಗಲ್ಲಿಗೆ ಎರಡು ಕಾಗದಗಳಲ್ಲಿ ಎರಡು ಗುರುತುಗಳು. ಈ ಗುರುತನ್ನು ಆ ಗುರುತಾಗಿ ಮಾರ್ಪಡಿಸುವ ನಿಯಮವೊಂದಿರಬೇಕು. ಆ ನಿಯಮದಲ್ಲಿ ಬಿರುಕು, ಮೂಲೆ, ಮಡಿಕೆಗಳಿರಬಾರದು. ಆಗ ಆ ಮ್ಯಾನಿಫೋಲ್ಡು ನುಣುಪಾದುದು. ನಕಾಶೆಗಳೆಲ್ಲವನ್ನೂ ಕೂಡಿಸಿ ಕಟ್ಟಿದ ಹೊತ್ತಗೆಗೆ ಗಣಿತಜ್ಞರು ಅಟ್ಲಾಸ್ ಎಂದೇ ಕರೆದಿರುವುದು ಎಷ್ಟು ಉಚಿತ!

ಶಬ್ದವನ್ನು ಕೇಳಿದವಳಿಗೆ ನಾನು ‘ಬಯಲು’ ಎಂಬುದನ್ನು ಸೂಚಿಸಿದೆನು. ಕನ್ನಡದಲ್ಲಿ ಬಯಲೆಂದರೆ ಊರ ಹೊರಗಿನ ಮಟ್ಟಸವಾದ ನೆಲವೂ ಹೌದು. ವಚನಕಾರರ ಬಾಯಲ್ಲಿ ಅದೇ ಮಾತು ಯಾವ ಆವರಣವೂ ಇಲ್ಲದ, ತನ್ನ ಹೊರಗೆ ಬೇರೊಂದಿಲ್ಲದ ನೆಲೆಗೂ ಸಂದಿತು. ನೆರೆಯಲ್ಲಿ ಮಟ್ಟಸ, ಒಟ್ಟಿನಲ್ಲಿ ಹೊರಗಿಲ್ಲದ್ದು ಎಂಬ ಎರಡು ಅರ್ಥಗಳನ್ನೂ ಹೊರಬಲ್ಲ ಒಂದೇ ಶಬ್ದ ಅನ್ಯಭಾಷೆಗಳಲ್ಲಿ ಸುಲಭವಾಗಿ ಸಿಕ್ಕಲಾರದು. ಇದನ್ನು ವಿದ್ವಾಂಸರು ಒಪ್ಪಲಿ, ಬಿಡಲಿ. ಮ್ಯಾನಿಫೋಲ್ಡ್ ಎಂದೇ ಬರೆದರೂ ನನ್ನ ಆಕ್ಷೇಪವಿಲ್ಲ. ಅರ್ಥವನ್ನು ಕನ್ನಡದಲ್ಲಿ ಒಮ್ಮೆಯಾದರೂ ಹೇಳಿಕೊಂಡಿರಬೇಕು, ಅಷ್ಟೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕ್ಷೇತ್ರಗಣಿತವನ್ನು ಕನ್ನಡದಲ್ಲಿ ಬರೆದನು. ಈ ಭಾಷೆಗೆ ಜ್ಯಾಮಿತಿ ಹೊಸದಲ್ಲ.

ಸಮಾಂತರ ಸಾಗಣೆಯೆಂಬ ಇನ್ನೊಂದು ಕಲ್ಪನೆಯನ್ನು ಸಂಕ್ಷೇಪವಾಗಿ ಹೇಳಬೇಕು. ಕೈಯಲ್ಲಿ ಈಟಿಯೊಂದನ್ನು ನೆಲಕ್ಕೆ ಅಡ್ಡಲಾಗಿ ಹಿಡಿದು, ನಡೆಯುವಾಗ ಅದನ್ನು ಎಡಕ್ಕಾಗಲಿ ಬಲಕ್ಕಾಗಲಿ ಕಿಂಚಿತ್ತೂ ತಿರುಗಿಸದೆ, ಕಿತ್ತೂರಿನಿಂದ ಬೈಲಹೊಂಗಲಕ್ಕೂ, ಅಲ್ಲಿಂದ ಸವದತ್ತಿಗೂ, ಮರಳಿ ಕಿತ್ತೂರಿಗೂ ಬಂದವನ ಈಟಿಯು ಹೊರಟ ದಿಕ್ಕನ್ನೇ ತೋರುವುದಿಲ್ಲ. ಅದು ತಿರುಗಿರುತ್ತದೆ, ಅದೇ ಒಂದು ಮುಕ್ಕಾಲು ವಿಕಲೆಯಷ್ಟು! ಯಾರೂ ತಿರುಗಿಸಲಿಲ್ಲ, ಬಾಗಿದ ನೆಲವೇ ತಿರುಗಿಸಿತು. ವಕ್ರತೆಯನ್ನು ಹೆಚ್ಚು ದಿಕ್ಕುಗಳಿರುವ ಬಯಲಿಗೆ ವಿಸ್ತರಿಸುವಾಗ ಈ ಈಟಿಯ ತಿರುಗಾಟವೇ ಕೈಹಿಡಿಯುತ್ತದೆ. ಮಕ್ಕಳು ಹೆದರುವ ಟೆನ್ಸರುಗಳು, ಅವುಗಳ ತಲೆಗೂ ಕಾಲಿಗೂ ಅಂಟಿದ ಅಕ್ಷರಗಳು, ಈ ತಿರುಗಾಟದ ಲೆಕ್ಕಪತ್ರ ಮಾತ್ರ. ಯಾವ ದಿಕ್ಕುಗಳಲ್ಲಿ ಸುತ್ತಿದಾಗ ಯಾವ ಈಟಿ ಎತ್ತ ತಿರುಗಿತು ಎಂಬುದನ್ನು ಬರೆದಿಡಲು ನಾಲ್ಕು ಗುರುತುಗಳು ಬೇಕಾಗುತ್ತವೆ, ಬರೆಯುತ್ತಾರೆ.

ಓದುವ ಕ್ರಮವನ್ನು ಕುರಿತು ಬಲ್ಲವರಿಂದ ಕೇಳಿದುದನ್ನು ಹೇಳುತ್ತೇನೆ. ರೇಖೀಯ ಬೀಜಗಣಿತವೂ ಅನೇಕ ಚಲಗಳ ಕಲನಶಾಸ್ತ್ರವೂ ಗಟ್ಟಿಯಾಗದೆ ಇದಕ್ಕೆ ಕೈಹಾಕಬಾರದು. ಸ್ವಲ್ಪ ಟೋಪಾಲಜಿಯೂ ಬೇಕು. ಲಕ್ಷಣವಾಕ್ಯವನ್ನು ಉರುಹಾಕುವುದಕ್ಕೆ ಮೊದಲು ಗೋಳ, ದಿಂಡು, ಜೀನು ಈ ಮೂರರ ಮೇಲೆ ಗಳೆಯನ್ನೂ ಜಿಯೋಡೆಸಿಕ್ಕನ್ನೂ ವಕ್ರತೆಯನ್ನೂ ಕೈಯಾರೆ ಗುಣಿಸಿ ತೆಗೆಯಬೇಕು. ವ್ಯಾಕರಣದಲ್ಲಿ ಉದಾಹರಣೆಯಿಲ್ಲದ ಸೂತ್ರ ಹೇಗೋ ಇಲ್ಲಿಯೂ ಹಾಗೆ. ಡು ಕಾರ್ಮೋ ಅವರ 1976ರ ಗ್ರಂಥವು ವಕ್ರರೇಖೆ-ತಲಗಳಿಗೆ ಇಂದಿಗೂ ಮಾನ್ಯವಾದುದು, ಪ್ರೊ. ಎಸ್. ಕುಮರೇಸನ್ ಅವರ ಗ್ರಂಥವು ಮುಂದಿನ ಮೆಟ್ಟಿಲಿಗೆ ಸಲ್ಲುತ್ತದೆ. ಇದೇ ಕುಮರೇಸನ್ ಅವರು 1993ರಲ್ಲಿ ಪ್ರಾರಂಭಿಸಿದ ಗಣಿತದ ಬೇಸಿಗೆ ಶಿಬಿರಗಳು ಸಣ್ಣ ಊರುಗಳ ಎಷ್ಟೋ ವಿದ್ಯಾರ್ಥಿಗಳಿಗೆ ಪ್ರಶ್ನೆ ಕೇಳುವ ಧೈರ್ಯ ಕೊಟ್ಟಿವೆ. ಈ ಎರಡು ಪುಸ್ತಕಗಳು ನಮ್ಮ ಗ್ರಂಥಾಲಯದಲ್ಲಿ ಎರಡೆರಡು ಪ್ರತಿ ಇದ್ದರೆ ರಜೆಯಲ್ಲಿ ಬರುವ ಹಳೆಯ ವಿದ್ಯಾರ್ಥಿಗಳಿಗೆ ಉಪಕಾರವಾಗುತ್ತದೆ. ಶಿಬಿರಕ್ಕೆ ಆಯ್ಕೆಯಾದವರ ಪ್ರಯಾಣದ ವೆಚ್ಚವೂ ದೊಡ್ಡದೇನಲ್ಲ. ದಾನಿಗಳು ಇದನ್ನು ಗಮನಿಸಬೇಕೆಂದು ವಿನಂತಿ.

ಇದನ್ನು ಓದಿ ಆಗುವುದೇನು ಎಂದು ಪಾಲಕರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಐನ್‌ಸ್ಟೈನರಿಗೆ ಗುರುತ್ವವನ್ನು ಕುರಿತು ಹೊಳಹು ಇತ್ತು, ಅದನ್ನು ಹೇಳುವ ಭಾಷೆ ಇರಲಿಲ್ಲ. 1912ರಲ್ಲಿ ಸಹಪಾಠಿಯಾಗಿದ್ದ ಗಣಿತಜ್ಞ ಗ್ರಾಸ್‌ಮನ್ ಅವರ ನೆರವು ಕೋರಿದರು. ಅವರು ರೀಮಾನನ ಜ್ಯಾಮಿತಿಯನ್ನು ತೋರಿಸಿದರು. 1915ರ ನವೆಂಬರಿನಲ್ಲಿ ಸಮೀಕರಣಗಳು ಪೂರ್ಣಗೊಂಡುವು. ದೇಶವೂ ಕಾಲವೂ ಸೇರಿದ ನಾಲ್ಕು ದಿಕ್ಕುಗಳ ಬಯಲು ದ್ರವ್ಯವಿದ್ದಲ್ಲಿ ಬಾಗುತ್ತದೆ, ಗ್ರಹಗಳು ಆ ಬಾಗಿದ ಬಯಲಿನ ಜಿಯೋಡೆಸಿಕ್ಕುಗಳಲ್ಲಿ ನಡೆಯುತ್ತವೆ ಎಂಬುದು ಅವುಗಳ ಸಾರ.

ಈ ಕಥೆಯಲ್ಲಿ ಕನ್ನಡಿಗರೊಬ್ಬರ ಪಾತ್ರವಿರುವುದು ನಮ್ಮ ಮಕ್ಕಳಿಗೆ ತಿಳಿದಿಲ್ಲ. ಸಿ. ವಿ. ವಿಶ್ವೇಶ್ವರ ಅವರು 1938ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕೆಗೆ ಹೋದವರು. ಮೇರಿಲ್ಯಾಂಡಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಅವರು ಎತ್ತಿಕೊಂಡ ಪ್ರಶ್ನೆ ಕಪ್ಪುಕುಳಿಯ ಸುತ್ತಲಿನ ಬಾಗಿದ ಬಯಲನ್ನು ಕುರಿತದ್ದು: ಅದನ್ನು ಸ್ವಲ್ಪ ಅಲುಗಿಸಿದರೆ ಅದು ಒಡೆದುಹೋಗುವುದೆ, ನೆಲೆಗೊಳ್ಳುವುದೆ? ನೆಲೆಗೊಳ್ಳುತ್ತದೆಂದು ತೋರಿಸಿದರು. 1970ರಲ್ಲಿ ಪ್ರಕಟವಾದ ಲೇಖನದಲ್ಲಿ, ಅಲುಗಿದ ಕಪ್ಪುಕುಳಿಯು ಬಡಿದ ಗಂಟೆಯಂತೆ ತನ್ನದೇ ನಾದದಲ್ಲಿ ಮೊಳಗಿ ಕ್ರಮವಾಗಿ ಶಾಂತವಾಗುವುದೆಂದು ಗಣಿಸಿದರು. ಅಂದು ಅದು ಕಾಗದದ ಮೇಲಿನ ಜ್ಯಾಮಿತಿ ಮಾತ್ರ. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳು ಮೊದಲ ಬಾರಿಗೆ ಸಿಕ್ಕಿದಾಗ, ಎರಡು ಕಪ್ಪುಕುಳಿಗಳು ಕೂಡಿ ಒಂದಾದ ಮೇಲೆ ಉಳಿದ ಅನುರಣನವು ಅದೇ ಬಗೆಯದಾಗಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಆಗಿದ್ದ ಅವರು ಅದನ್ನು ಕೇಳಿದ ಮೇಲೆ 2017ರ ಜನವರಿಯಲ್ಲಿ ತೀರಿಕೊಂಡರು. ಇಷ್ಟು ದೂರ ಹೋಗದೆಯೂ ಇಲ್ಲಿ ಕೆಲಸ ನಡೆದಿದೆ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಪ್ರೊ. ಸಿ. ಎಸ್. ಬಾಗೇವಾಡಿ ಅವರೂ ಅವರ ಶಿಷ್ಯರೂ ಹಲವು ಬಗೆಯ ಮ್ಯಾನಿಫೋಲ್ಡುಗಳ ವಕ್ರತೆಯ ಮೇಲೆ ವರ್ಷಾನುಗಟ್ಟಲೆ ಲೇಖನಗಳನ್ನು ಬರೆದಿದ್ದಾರೆ.

ಕೊನೆಯದಾಗಿ ಪ್ರೌಢಶಾಲೆಯ ಅಧ್ಯಾಪಕ ಮಿತ್ರರಿಗೆ ಒಂದು ಸಲಹೆ. ತ್ರಿಕೋನದ ಪ್ರಮೇಯವನ್ನು ಹೇಳುವಾಗ ‘ಸಮತಲದ ಮೇಲೆ’ ಎಂಬ ಎರಡು ಶಬ್ದಗಳನ್ನು ದಯವಿಟ್ಟು ಬಿಡಬೇಡಿರಿ. ಬಳಿಕ ಒಂದು ಗಂಟೆಯ ಅವಧಿಯನ್ನು ಈ ಲೆಕ್ಕಕ್ಕೆ ಕೊಡಿರಿ. ಮುಚ್ಚಳ ಮುಚ್ಚಿದ ಸೀಮೆಸುಣ್ಣದ ಪೆಟ್ಟಿಗೆಯನ್ನು ಎತ್ತಿ ಹಿಡಿದು, ಒಂದು ಮೂಲೆಯಲ್ಲಿ ಎಷ್ಟು ಕೋನಗಳು ಕೂಡುತ್ತವೆಂದು ಕೇಳಿರಿ. ಮೂರು ಲಂಬಕೋನಗಳು, 270 ಅಂಶ. ಚಪ್ಪಟೆಯಾಗಿದ್ದರೆ 360 ಆಗಬೇಕಿತ್ತು; 90 ಕಡಿಮೆ. ಇಂಥ ಎಂಟು ಮೂಲೆಗಳು, ಒಟ್ಟು 720. ಮುಂದೆ ನಾಲ್ಕು ಸಮಬಾಹು ತ್ರಿಕೋನಗಳನ್ನು ಅಂಟಿಸಿ ಮಾಡಿದ ಗೋಪುರದಂಥ ಆಕೃತಿ: ಪ್ರತಿ ಮೂಲೆಯಲ್ಲಿ 180 ಕಡಿಮೆ, ನಾಲ್ಕು ಮೂಲೆಗಳು, ಮತ್ತೆ 720. ಇನ್ನು ಭೂಮಿ: ಪ್ರತಿ 197 ಚದರ ಕಿಲೋಮೀಟರಿಗೆ ಒಂದು ವಿಕಲೆ, ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿಲೋಮೀಟರು, ಭಾಗಿಸಿ, 3600ರಿಂದ ಮತ್ತೆ ಭಾಗಿಸಿದರೆ ಬರುವುದು ಅದೇ 720 ಅಂಶ. ನಮ್ಮ ಮೂರೂರಿನ ತ್ರಿಕೋನದ ಒಂದು ಮುಕ್ಕಾಲು ವಿಕಲೆಯು ಆ ಮೊತ್ತದಲ್ಲಿ ನಮ್ಮ ಪಾಲು. ಪೆಟ್ಟಿಗೆಯನ್ನು ಜಜ್ಜಿದರೂ, ಕುಂಬಳಕಾಯಿಯಂತೆ ಉಬ್ಬಿಸಿದರೂ, ತೂತು ಬೀಳದಿರುವವರೆಗೆ ಮೊತ್ತ ಬದಲಾಗುವುದಿಲ್ಲ. ಒಂದೆಡೆ ತಗ್ಗಿದುದು ಇನ್ನೊಂದೆಡೆ ಉಬ್ಬಿ ಸರಿದೂಗುತ್ತದೆ. ಗೌಸ್ ಮತ್ತು ಬಾನೆ ಎಂಬುವರ ಹೆಸರಿನ ಈ ಪ್ರಮೇಯವನ್ನು ಎಂ.ಎಸ್ಸಿ.ಯಲ್ಲಿ ಕಲಿಸುತ್ತಾರೆ, ಅದರ ಲೆಕ್ಕವನ್ನು ಎಂಟನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು.

ಅವಳು ಜಾಣೆಯಾಗಿದ್ದರೆ, ನಡುವೆ ತೂತಿದ್ದರೆ ಏನಾಗುವುದು ಎಂದು ಕೇಳುತ್ತಾಳೆ. ಆಗ ಅವಳ ಮುಂದೆ ಕೊಡ ಹೊರುವಾಗ ತಲೆಯ ಮೇಲೆ ಇಡುವ ಸಿಂಬಿಯನ್ನು ಇಡಿರಿ. ಅದರ ಹೊರಮೈಯ ವಕ್ರತೆ ಧನ, ತೂತಿನ ಕಡೆಯ ಒಳಮೈಯದು ಜೀನಿನಂತೆ ಋಣ. ಎರಡನ್ನೂ ಕೂಡಿಸಿದರೆ ಸೊನ್ನೆ.